ಹಗೇವು ಬಲ್ಲ ಮೂಗು

ನಮ್ಮ ಅತ್ತೆಯ ಮೂಗು ಸಣ್ಣದು, ತುದಿ ಸ್ವಲ್ಪ ಮೇಲಕ್ಕೆ ತಿರುಗಿದ್ದು. ಎಡಹೊಳ್ಳೆಯ ಮೇಲೆ ಕೆಂಪು ಹರಳಿನ ಮೂಗುಬಟ್ಟು. ಏನನ್ನಾದರೂ ಮೂಸಿ ನೋಡುವಾಗ ಆ ಒಂದು ಹೊಳ್ಳೆ ಮಾತ್ರ ಅರಳುತ್ತಿತ್ತು. ಹರಳು ಒಮ್ಮೆ ಮೇಲೆದ್ದು ಮತ್ತೆ ತನ್ನ ಜಾಗಕ್ಕೆ ಬಂದು ಕೂಡುತ್ತಿತ್ತು. ಅದು ಕೂತ ಮೇಲೆಯೇ ಅವರು ಬಾಯಿ ಬಿಡುತ್ತಿದ್ದದ್ದು. ಅಲ್ಲಿಯವರೆಗೆ ಸುತ್ತ ನಿಂತ ಗಂಡಸರು, ಅವರಲ್ಲಿ ನಮ್ಮ ಮಾವನೂ ಒಬ್ಬರು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ತಿಕೋಟಾದ ನಮ್ಮ ಮನೆಯ ಮುಂದಿನ ಅಂಗಳದಲ್ಲಿ ಎರಡು ಹಗೇವು ಇದ್ದವು. ನೆಲದೊಳಗೆ ಆಳುದ್ದ ತೋಡಿದ ಕಣಜ. ಜೋಳ ತುಂಬಿ, ಬಾಯಿಗೆ ಚಪ್ಪಡಿ ಹೊದಿಸಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ಎರಡು ಮೂರು ವರ್ಷ ಅದರ ಮೇಲೆಯೇ ಮಕ್ಕಳು ಆಡುತ್ತಿರುತ್ತವೆ. ತೆಗೆಯುವ ದಿನ ಮಾತ್ರ ಎಲ್ಲರ ಕಣ್ಣೂ ಅದರ ಬಾಯಿಯ ಮೇಲೆ. ಒಳಗೆ ನೀರು ಇಳಿದಿದೆಯೋ, ಕಾಳು ಮುಗ್ಗಿದೆಯೋ ದೇವರಿಗೇ ಗೊತ್ತು. ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಾಯಿ ತೆರೆದಿಟ್ಟು, ಮರುದಿನ ಮೊದಲ ಬುಟ್ಟಿ ಮೇಲೆ ಬಂದಾಗ ಅತ್ತೆ ಅದರಿಂದ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿಯುತ್ತಿದ್ದರು. ಅವರ ತೀರ್ಪುಗಳು ಮೂರೇ: ‘ಉಣ್ಣಾಕ’, ‘ದನಕ್ಕ’, ‘ತಿಪ್ಪಿಗೆ’. ಸಂಶಯ ಬಂದರೆ ಹಿಡಿ ಕೆಳಗಿಟ್ಟು ಸುಮ್ಮನಾಗುತ್ತಿದ್ದರು. ಆಗ ಕಾಳನ್ನು ಬಿಸಿಲಿಗೆ ಹರವಿ ಮರುದಿನ ಮತ್ತೆ ತೋರಿಸಬೇಕು. ಅಂದಾಜಿನ ಮೇಲೆ ಮಾತಾಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಘೋಣಸಗಿ, ನಿಡೋಣಿ, ಬಬಲೇಶ್ವರದಿಂದಲೂ ಅವರನ್ನು ಕರೆಯಲು ಗಾಡಿ ಬರುತ್ತಿದ್ದವು.

ಅರವತ್ತರ ದಶಕ ಆಗಿನ್ನೂ ಕಣ್ಣು ಬಿಡುತ್ತಿತ್ತು. ನಾನು ವಿಜಾಪುರದ ಪೇಟೆಯ ಹುಡುಗಿ. ಮ್ಯಾಟ್ರಿಕ್ ಪಾಸು, ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಬಹುಮಾನ ಪಡೆದವಳು. ಆ ಜಂಬವನ್ನೆಲ್ಲ ಟ್ರಂಕಿನಲ್ಲಿ ತುಂಬಿಕೊಂಡೇ ಆ ಮನೆಗೆ ಸೊಸೆಯಾಗಿ ಬಂದೆ. ಯಾರು ಏನು ಕೇಳಿದರೂ ಉತ್ತರ ನನ್ನ ತುದಿನಾಲಿಗೆಯ ಮೇಲಿರುತ್ತಿತ್ತು, ಕೇಳಿದ್ದು ನನ್ನನ್ನಲ್ಲದಿದ್ದರೂ ಸರಿ. ಅತ್ತೆ ಬಯ್ಯುತ್ತಿರಲಿಲ್ಲ. ‘ನಮ್ಮ ಸೊಸಿ ಹಗೇವು ತೆಗಿಯೂಕಿಂತ ಮೊದಲಽ ರೊಟ್ಟಿ ಬಡಿತಾಳ’ ಎಂದು ನೆರೆಯವರ ಮುಂದೆ ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಜೊತೆಗೆ ನಗುವೂ.

ನಾನು ಬಂದಾಗಲೇ ಅವರಿಗೆ ವರ್ಷವಿಡೀ ನೆಗಡಿ. ಹುಬ್ಬಿನ ಮೇಲೆ ಒತ್ತಿ ಹಿಡಿದಂಥ ನೋವು. ಬಗ್ಗಿ ಕಸ ಗುಡಿಸಿದರೆ ಕಣ್ಣೇ ಕಿತ್ತು ಬಿದ್ದಂತಾಗುತ್ತದೆ ಎನ್ನುತ್ತಿದ್ದರು. ಅಜಿವಾನದ ಹಬೆ, ಅರಿಷಿಣದ ಹೊಗೆ, ಮೂಗಿಗೆ ಬೆಚ್ಚನೆಯ ತುಪ್ಪ, ಎಲ್ಲ ಆಗಿತ್ತು. ಸೊಲ್ಲಾಪುರಕ್ಕೆ ಹೋಗಿ ಮೂಗು ತೊಳೆಸಿಕೊಂಡೂ ಬಂದಿದ್ದರು. ಆರು ತಿಂಗಳಿಗೆ ಮತ್ತೆ ಅದೇ ಹಾಡು.

ಒಂದು ದಿನ ನಿಡೋಣಿಯಿಂದ ಗಾಡಿ ಬಂತು. ನಾನೂ ಜೊತೆಗೆ ಹೋದೆ. ದೊಡ್ಡ ಮನೆತನ, ಇಪ್ಪತ್ತು ಮಂದಿ ಸುತ್ತ ನಿಂತಿದ್ದರು. ಅತ್ತೆ ಹಿಡಿ ಎತ್ತಿದರು. ಹೊಳ್ಳೆ ಅರಳಿತು, ಹರಳು ಮೇಲೆದ್ದಿತು, ಆದರೆ ಕೆಳಗೆ ಬಂದು ಕೂಡಲಿಲ್ಲ. ಎರಡನೆಯ ಸಲ ಮೂಸಿದರು, ಮೂರನೆಯ ಸಲ. ಕಾಳನ್ನು ಬುಟ್ಟಿಗೆ ಹಾಕಿ, ‘ನಾಳೆ ಬ್ಯಾರೆ ಯಾರಿಗಾದ್ರೂ ತೋರಸ್ರಿ’ ಎಂದು ಗಾಡಿ ಹತ್ತಿದರು. ಊರು ದಾಟಿದ ಮೇಲೆ ನನ್ನ ಕೈ ಹಿಡಿದುಕೊಂಡರು.

‘ನನ್ನ ಮೂಗು ಸತ್ತೈತಿ, ಯವ್ವಾ. ಬರೇ ಗಾಳಿ ಹೋಗತೈತಿ, ಬರತೈತಿ. ಯಾರ ಮುಂದೂ ಹೇಳಬ್ಯಾಡ.’

ಜೀವನದಲ್ಲಿ ನಾನು ಹೊಟ್ಟೆಯಲ್ಲಿಟ್ಟುಕೊಂಡ ಮೊದಲ ಗುಟ್ಟು ಅದು. ಪೂರ್ತಿ ಇಟ್ಟುಕೊಂಡೆ ಎನ್ನಲಾರೆ. ನನ್ನ ಯಜಮಾನರಿಗೆ ಬರೆದುಬಿಟ್ಟೆ. ಅವರು ಡಾಕ್ಟರರು, ಹೆಚ್ಚಿನ ಓದಿಗೆಂದು ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ನಾನೂ ಅಲ್ಲಿಗೆ ಹೊರಡುವ ಕಾಗದಪತ್ರದ ಓಡಾಟದಲ್ಲಿದ್ದೆ. ಅವರಿಂದ ಉತ್ತರ ಬಂತು: ಅವ್ವನನ್ನೂ ಜೊತೆಗೆ ಕರೆದುಕೊಂಡು ಬಾ. ಮುಖದ ಎಲುಬಿನೊಳಗೆ ಪೊಳ್ಳು ಜಾಗ ಇರುತ್ತವೆ, ಅವುಗಳಲ್ಲಿ ಕೀವು ನಿಂತಿದೆ, ಮೂಗಿನಲ್ಲಿ ಮಾಂಸ ಬೆಳೆದು ದಾರಿ ಕಟ್ಟಿದೆ. ನಮ್ಮ ಆಸ್ಪತ್ರೆಯಲ್ಲಿ ಇದನ್ನೇ ಮಾಡುವ ಸರ್ಜನ್ ಇದ್ದಾರೆ, ಆಪರೇಷನ್ ಮಾಡಿಸೋಣ.

ಆಪರೇಷನ್ ಎಂದರೆ ಅತ್ತೆ ಹೌಹಾರುತ್ತಾರೆ ಎಂದುಕೊಂಡು ನಾನು ಮೆತ್ತಗೆ ಓದಿ ಹೇಳಿದೆ. ಅವರು ಕೆನ್ನೆ ಮುಟ್ಟಿ ನೋಡಿಕೊಂಡರು.

‘ಅಂದ್ರ ನನ್ನ ಮಾರಿಯಾಗೂ ಹಗೇವು ಅದಾವು ಅಂತಾಯ್ತು. ನೀರು ಹೊಕ್ಕಾವು. ತಗಿಸಬೇಕಲ್ಲ ಮತ್ತ.’

ಅಷ್ಟೇ. ಅಷ್ಟು ವರ್ಷದ ಸಂಕಟಕ್ಕೆ ಇಷ್ಟು ಸಲೀಸಾಗಿ ಒಪ್ಪಿಗೆ ಸಿಕ್ಕಿತು. ಮೂಗಿನ ಗುಟ್ಟನ್ನು ಮಾವನಿಗೂ ಅತ್ತೆಯೇ ಹೇಳಿದರು. ಅಂಗಳದ ಎರಡರಲ್ಲಿ ಒಂದು ಹಗೇವು ಆ ಸುಗ್ಗಿಗೆ ತೆಗೆಯುವುದಿತ್ತು. ಮಾವ ಅದರ ಮೇಲೆ ಇನ್ನಷ್ಟು ಮಣ್ಣು ಎಳೆಸಿ, ‘ಆಕಿ ಬರೂತನಕ ಇದು ತಗಿಯೂದಿಲ್ಲ’ ಎಂದು ಮನೆಗೆಲ್ಲ ಸಾರಿದರು.

ತೊಡಕು ಬಂದದ್ದು ಮೂಗುಬಟ್ಟಿನಿಂದ. ಆಪರೇಷನ್ನಿಗೆ ಅದು ಇರಕೂಡದು ಎಂದು ಕಾಗದದಲ್ಲಿತ್ತು. ಏಳನೆಯ ವರ್ಷಕ್ಕೆ ಹಾಕಿದ್ದು, ಆಮೇಲೆ ಒಂದು ದಿನವೂ ತೆಗೆದಿಲ್ಲ. ಗಂಡ ಇರುವಾಗ ತೆಗೆಯುವುದೆಂದರೇನು? ಹೊರಡುವ ಬೆಳಿಗ್ಗೆ ಅತ್ತೆ ಮಾವನೆದುರು ಬಂದು ಕೂತರು. ‘ನೀವಽ ತಗೀರಿ. ನನ್ನ ಕೈಲೆ ನಾ ತಗಿಯೂದಿಲ್ಲ.’ ಕುಂಟೆ ಹಿಡಿದ ಆ ದಪ್ಪ ಬೆರಳುಗಳು ಸಣ್ಣ ತಿರುಪಿಗಾಗಿ ಎಷ್ಟು ಹೊತ್ತು ಹೆಣಗಿದವೋ. ತಿರುಪು ಬಿಚ್ಚಿದ ಮೇಲೆ ಮಾವ ಅದನ್ನು ತಂಬಾಕಿನ ಚೀಲದಲ್ಲಿ ಹಾಕಿಕೊಂಡು, ‘ಬಂದ ಮ್ಯಾಲ ನಾನಽ ಹಾಕತೀನಿ’ ಎಂದರು. ಮತ್ತೆ ಮೊದಲೇ ತೆಗೆದಿದ್ದ ಇನ್ನೊಂದು ಹಗೇವಿನ ಒಂದು ಹಿಡಿ ಜೋಳವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅತ್ತೆಯ ಕೈಗಿತ್ತರು. ಮೂಗು ಬಂದರೆ ಮೊದಲು ಇದನ್ನು ನೋಡಲಿ ಎಂದು.

ಮುಂಬಯಿಯಲ್ಲಿ ಹಡಗು ಹತ್ತಿದೆವು. ಎರಡನೆಯ ದಿನಕ್ಕೇ ನಾನು ಮಲಗಿಬಿಟ್ಟೆ. ಎಣ್ಣೆಯ ವಾಸನೆ, ಮೀನಿನ ವಾಸನೆ, ಬಣ್ಣದ ವಾಸನೆ. ನಮ್ಮ ಸಾಲಿನ ಕೋಣೆಗಳಲ್ಲಿ ಎದ್ದು ನಿಂತವರೇ ಇರಲಿಲ್ಲ. ಅತ್ತೆಗೆ ಮಾತ್ರ ಏನೂ ಇಲ್ಲ. ಮೂಗಿಲ್ಲದ್ದರಿಂದ ಅವರಿಗೆ ಸಿಕ್ಕ ಲಾಭ ಇದೊಂದೇ, ಅದನ್ನೂ ಅವರು ಹಂಚಿದರು. ಇಳಕಲ್ ಸೀರೆಯ ಕಚ್ಚೆ ಬಿಗಿದು, ಬಾಗಿಲು ಬಾಗಿಲಿಗೆ ಹೋಗಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಬಂದರು. ಪಂಜಾಬಿನ ಮುದುಕಿಯೊಬ್ಬಳ ತಲೆ ಒತ್ತುತ್ತ ಕನ್ನಡದಲ್ಲಿ ಮಾತಾಡುತ್ತಿದ್ದರು, ಆಕೆ ತನ್ನ ಭಾಷೆಯಲ್ಲಿ ಹೂಂಗುಟ್ಟುತ್ತಿದ್ದಳು. ಇಬ್ಬರಿಗೂ ನನ್ನ ಇಂಗ್ಲಿಷಿನ ಅಗತ್ಯ ಬೀಳಲಿಲ್ಲ.

ಆಪರೇಷನ್ ಆಯಿತು. ಮೇಲ್ತುಟಿಯ ಒಳಗಿನಿಂದ ದಾರಿ ಮಾಡಿ ಆ ಹಗೇವುಗಳನ್ನು ತೊಳೆದರಂತೆ. ಎರಡು ದಿನ ಮೂಗಿನ ತುಂಬ ಬಟ್ಟೆ, ಮುಖ ಬಾತು ಕುಂಬಳಕಾಯಿ. ಕನ್ನಡಿ ಕೇಳಿ ನೋಡಿಕೊಂಡು, ‘ಯಪ್ಪಾ, ನಿಮ್ಮಪ್ಪ ನೋಡಿದ್ರ ಗುರ್ತಾ ಹಿಡಿಯೂದಿಲ್ಲ’ ಎಂದು ಮಗನಿಗೆ ಹೇಳಿದರು. ತಲೆನೋವು ಹೋಯಿತು. ವಾರವಾಯಿತು, ಎರಡು ವಾರವಾಯಿತು. ಮೂಗಿನ ಮಾತನ್ನು ಅವರೂ ಎತ್ತಲಿಲ್ಲ, ನಮಗೂ ಕೇಳುವ ಧೈರ್ಯ ಬರಲಿಲ್ಲ.

ಮೂರನೆಯ ವಾರ ಸರ್ಜನ್ ಪರೀಕ್ಷೆಗೆ ಕರೆದರು. ಯಜಮಾನರಿಗೆ ಆ ಹೊತ್ತು ವಾರ್ಡಿನ ಕೆಲಸ, ದುಭಾಷಿ ನಾನು. ಒಂದು ತಟ್ಟೆಯಲ್ಲಿ ಐದು ಸಣ್ಣ ಬಾಟಲಿಗಳಿದ್ದವು: ರೋಸ್‌ಮರಿ ಎಣ್ಣೆ, ಲ್ಯಾವೆಂಡರ್, ವೆನಿಲಾ, ಕಹಿ ಬಾದಾಮಿ, ಹುರಿದ ಕಾಫಿ ಪುಡಿ. ಅತ್ತೆಯ ಕಣ್ಣು ಮುಚ್ಚಿಸಿ ಒಂದೊಂದಾಗಿ ಮೂಗಿಗೆ ಹಿಡಿದರು. ಪ್ರತಿ ಬಾಟಲಿಗೂ ಅತ್ತೆ ನೀಳವಾಗಿ ಉಸಿರೆಳೆದರು, ಬೆರಳಿಗೆ ಬೆರಳು ಉಜ್ಜಿದರು, ಸುಮ್ಮನೆ ಕೂತರು. ಸರ್ಜನ್ ನನ್ನ ಕಡೆ ನೋಡಿದರು.

‘ಇಲ್ಲ, ಅವರಿಗೆ ಏನೂ ವಾಸನೆ ಬರುತ್ತಿಲ್ಲ’ ಎಂದು ನಾನು ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದೆ. ಐದೂ ಸಲ ಹೇಳಿದೆ. ಅವರು ಬರೆದುಕೊಂಡು, ಅತ್ತೆಯ ಕೈ ತಟ್ಟಿ, ನೋವು ಹೋಯಿತಲ್ಲ ಅದೇ ದೊಡ್ಡದು, ವಾಸನೆ ಇನ್ನು ಬರದೆಯೂ ಇರಬಹುದು ಎಂದರು. ಆ ಕೊನೆಯ ಮಾತನ್ನು ನಾನು ಅತ್ತೆಗೆ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ನಮ್ಮ ಬಾಡಿಗೆ ಮನೆಯ ಅಡಿಗೆಮನೆಯಲ್ಲಿ ಚಟ್ನಿಗೆಂದು ಅಗಸಿ ಹುರಿಯುತ್ತಿದ್ದೆ. ತಿಕೋಟಾದಲ್ಲಿ ಮಣ್ಣು ಹೊದ್ದು ಕಾಯುತ್ತಿರುವ ಹಗೇವು ನೆನಪಾಯಿತು, ತಂಬಾಕಿನ ಚೀಲ ನೆನಪಾಯಿತು. ಮಾವನಿಗೆ ಏನೆಂದು ಬರೆಯುವುದು? ಒಲೆಗೆ ಬೆನ್ನು ಹಾಕಿ ಕಿಟಕಿಯ ಹತ್ತಿರ ನಿಂತು ಮನಸಾರೆ ಅತ್ತುಬಿಟ್ಟೆ.

ಒಳಕೋಣೆಯಿಂದ ಅತ್ತೆಯ ದನಿ ಬಂತು: ‘ಯವ್ವಾ, ಅಗಸಿ ಸೀಯಾಕತ್ತೈತಿ ನೋಡು. ಕೆಳಗ ಇಳಸು.’

ಇಳಿಸಿದೆ. ಇಳಿಸಿ ಅರ್ಧ ನಿಮಿಷವಾದ ಮೇಲೆ ನನ್ನ ತಲೆಗೆ ಹೋಯಿತು. ಸೌಟು ಹಿಡಿದುಕೊಂಡೇ ಓಡಿದೆ.

‘ಅತ್ತೀ, ನಿಮಗ ವಾಸನಿ ಬರಾಕತ್ತೈತೇನ್ರಿ?’

‘ಬರಾಕತ್ತೈತಿ. ನಾಕು ದಿನ ಆತು.’

‘ಮತ್ತ ನಿನ್ನಿ ಡಾಕ್ಟರ ಮುಂದ ಯಾಕ ಸುಮ್ಮ ಕುಂತ್ರಿ?’

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. ‘ಅವು ಐದೂ ನಾ ಎಂದಾದ್ರೂ ಉಂಡ ಪದಾರ್ಥ ಏನು? ಒಂದಽ ಒಂದು ಗುರ್ತಾ ಇಲ್ಲ. ಉಣ್ಣದಽ ಇದ್ದದ್ದಕ್ಕ ನಾ ಏನಂತ ಹೇಳ್ಲಿ, ಉಣ್ಣಾಕ ಅನ್ಲೋ, ತಿಪ್ಪಿಗೆ ಅನ್ಲೋ?’

‘ವಾಸನಿ ಬರತೈತಿ ಅಂತಾದ್ರೂ ಹೇಳಬೇಕಿಲ್ಲೇನ್ರಿ?’

‘ಅವರು ನಿನ್ನ ಕೇಳಿದ್ರು, ನೀ ಹೇಳಿದಿ’ ಎಂದರು ಅತ್ತೆ. ‘ನನ್ನ ಯಾರು ಕೇಳ್ಯಾರ?’

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬಹುಮಾನದ ಇಂಗ್ಲಿಷಿನಲ್ಲಿ ಅವರ ಮೂಗನ್ನು ಐದು ಸಲ ಕೊಂದವಳು ನಾನು. ಸೌಟು ಹಿಡಿದು ಅಲ್ಲೇ ಕೂತುಬಿಟ್ಟೆ. ಅವರು ದಿಂಬಿನ ಕೆಳಗಿನಿಂದ ಮಾವನ ಗಂಟು ತೆಗೆದರು. ಅವರು ಕಟ್ಟಿಕೊಟ್ಟಂತೆಯೇ ಇತ್ತು, ಇನ್ನೂ ಬಿಚ್ಚಿರಲಿಲ್ಲ. ‘ಇದನ್ನ ಬಿಚ್ಚಾಕ ಅಂಜಿಕಿ ಬಂದಿತ್ತು ನೋಡು. ಬ್ಯಾರೆ ಎಲ್ಲಾ ಬಂದು, ಇದೊಂದು ಬರಲಿಲ್ಲಂದ್ರ?’ ಎಂದರು. ಬಿಚ್ಚಿ, ಹಿಡಿ ಮಾಡಿ, ಮೂಗಿಗೆ ಹಿಡಿದರು. ಹರಳಿಲ್ಲದ ಆ ಹೊಳ್ಳೆ ಅರಳಿತು, ಕೂತಿತು.

‘ಉಣ್ಣಾಕ’ ಎಂದರು. ಆಮೇಲೆ ಇಬ್ಬರೂ ಸೇರಿ ಅತ್ತೆವು, ಸೀದ ಅಗಸಿಯ ಹೊಗೆ ಮನೆಯೆಲ್ಲ ತುಂಬಿಕೊಂಡಿತ್ತು.

ಮರುವಾರ ಸರ್ಜನ್ನರ ಬಳಿ ಹೋಗುವಾಗ ಅತ್ತೆ ಅಗಸಿ ಚಟ್ನಿಯ ಡಬ್ಬಿ ಹಿಡಿದುಕೊಂಡಿದ್ದರು. ನಾನು ನನ್ನ ತಪ್ಪನ್ನೆಲ್ಲ ಒಪ್ಪಿಸಿದೆ. ಅಷ್ಟರಲ್ಲಿ ಅತ್ತೆ, ‘ಅವರಿಗೆ ಕಣ್ಣು ಮುಚ್ಚಾಕ ಹೇಳು’ ಎಂದರು. ಆ ಆರಡಿ ಮನುಷ್ಯ ವಿಧೇಯನಾಗಿ ಕಣ್ಣು ಮುಚ್ಚಿದ. ಡಬ್ಬಿ ಮೂಗಿಗೆ ಹಿಡಿದು, ‘ಏನಂತ ಕೇಳು’ ಎಂದರು. ಆತ ಮೂಸಿದ, ಮತ್ತೆ ಮೂಸಿದ, ಸುಮ್ಮನಾದ.

‘ನೋಡಿದೇನು?’ ಎಂದರು ನನಗೆ. ‘ಈಗ ಇವರ ಮೂಗು ಸತ್ತೈತಿ ಅಂತ ಬರಕೊಳ್ಳೂಣೇನು?’

ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದೆ. ಸರ್ಜನ್ ನಕ್ಕ ಸದ್ದಿಗೆ ಹೊರಗಿದ್ದ ನರ್ಸು ಬಾಗಿಲು ತೆಗೆದು ಇಣುಕಿದಳು. ಡಬ್ಬಿ ಅಲ್ಲಿಯೇ ಉಳಿಯಿತು.

ಯಜಮಾನರ ಓದು ಮುಗಿದು ಮೂವರೂ ಒಟ್ಟಿಗೆ ತಿಕೋಟಾಕ್ಕೆ ಬಂದೆವು. ಹೊಸ್ತಿಲು ದಾಟುವ ಮೊದಲೇ ಮಾವ ತಂಬಾಕಿನ ಚೀಲ ತೆಗೆದರು. ಮೂಗುಬಟ್ಟಿಗೆ ತಂಬಾಕಿನ ವಾಸನೆ ಹತ್ತಿದೆಯೆಂದು ಅತ್ತೆ ಬಯ್ದರು. ಮಾವನಿಗೆ ಅದಕ್ಕಿಂತ ಸಿಹಿಯಾದ ಬಯ್ಗಳ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ. ಮೂರನೆಯ ದಿನ ಹಗೇವು ತೆಗೆದರು. ಅರ್ಧ ಊರು ಸೇರಿತ್ತು. ಅತ್ತೆ ಹಿಡಿ ಎತ್ತಿದರು, ಕೆಂಪು ಹರಳು ಮೇಲೆದ್ದು ಜಾಗಕ್ಕೆ ಬಂದು ಕೂತಿತು.

‘ದನಕ್ಕ’ ಎಂದರು ಅತ್ತೆ.

ಹಗೇವು ತುಂಬ ಜೋಳ ಕೆಟ್ಟಿದೆ ಎಂಬ ಸುದ್ದಿಗೆ ಯಾರಾದರೂ ಹಾಗೆ ಸಂಭ್ರಮಪಟ್ಟದ್ದನ್ನು ನಾನು ಕಂಡಿಲ್ಲ. ಮಾವ ತಲೆಯ ಪಟಗ ತೆಗೆದು ಮುಖ ಒರೆಸಿಕೊಳ್ಳುತ್ತ ನಕ್ಕರು. ‘ಹೋಗ್ಲಿ ಬಿಡ್ರಿ, ಎತ್ತು ತಿಂತಾವು’ ಎಂದು ಬಂದವರಿಗೆಲ್ಲ ಚಹಾ ಮಾಡಿಸಿದರು.

ಆ ಮೂಗು ಇನ್ನೂ ಬಹಳ ವರ್ಷ ಹಗೇವು ನೋಡಿತು. ನಾನು ಮುಂದೆ ವಿಜಾಪುರದ ಶಾಲೆಯೊಂದರಲ್ಲಿ ಕಲಿಸಲು ಸೇರಿದೆ. ಪ್ರಶ್ನೆಗೆ ಸುಮ್ಮನೆ ನಿಂತ ಹುಡುಗಿಯರನ್ನು ದಡ್ಡಿಯರೆಂದು ಬರೆಯುವ ಮೊದಲು ಹತ್ತಿರ ಕರೆದು ಇನ್ನೊಮ್ಮೆ ಕೇಳುವುದನ್ನು ಮೂವತ್ತು ವರ್ಷ ಬಿಡಲಿಲ್ಲ. ಅದು ನಾನು ಯಾವ ಪುಸ್ತಕದಲ್ಲಿ ಓದಿದ್ದೂ ಅಲ್ಲ.

ಅತ್ತೆ ಹಾಸಿಗೆ ಹಿಡಿದಾಗ ನೆರೆಮನೆಯ ಹೆಣ್ಣುಮಗಳು ದಿನಾ ಬಂದು ಕಾಲ ಬಳಿ ಕೂಡುತ್ತಿದ್ದಳು. ಒಂದು ಬೆಳಿಗ್ಗೆ ಕಣ್ಣೀರು ಹಾಕಿ, ‘ಆಯೀ, ಅಂಜಿಕಿ ಬರತೈತೇನು? ಆ ಕಡೆ ಹೆಂಗಿರತೈತೋ ಏನೋ’ ಎಂದಳು. ನಾನು ತಲೆದಿಂಬಿನ ಹತ್ತಿರವಿದ್ದೆ. ಅವರ ಪರವಾಗಿ ಸಮಾಧಾನದ ಉತ್ತರವೊಂದು ನನ್ನ ನಾಲಿಗೆಗೆ ಬಂದೂಬಿಟ್ಟಿತ್ತು, ನುಂಗಿಕೊಂಡೆ. ಅತ್ತೆ ನನ್ನ ಕಡೆ ತಿರುಗಿ ನೋಡಿದರು. ನಾನು ಸುಮ್ಮನಿದ್ದದ್ದು ಅವರಿಗೆ ತಿಳಿಯಿತು. ಎಡಹೊಳ್ಳೆ ಸಣ್ಣಗೆ ಅರಳಿತು.

‘ನಾ ಉಂಡಿಲ್ಲ ತಂಗಿ’ ಎಂದರು. ‘ಉಂಡ ಮ್ಯಾಲ ಹೇಳಬೇಕು.’

ಮೂವರೂ ನಕ್ಕೆವು. ನಾಲ್ಕು ದಿನಕ್ಕೆ ಅವರು ಹೋದರು, ಮೂಗುಬಟ್ಟು ಮೂಗಿನಲ್ಲೇ ಇತ್ತು.