ಹೊಸ್ತಿಲ ಮೇಲಿನ ಗುಳಿಗೆ

ಅಕ್ಕಲಕೋಟದ ದವಾಖಾನೆಯಲ್ಲಿ ಕ್ಷಯರೋಗಿಗಳನ್ನು ನೋಡಿಕೊಳ್ಳುವ ಸಿಸ್ಟರನ್ನು ನಾನು ಮೊದಲು ಕಂಡದ್ದು ಮಸ್ಕತ್‌ನಲ್ಲಿ, ಫೋನಿನ ಪರದೆಯ ಮೇಲೆ. ಅಲ್ಲಿ ನನಗೆ ಕ್ಷಯ ಪತ್ತೆಯಾಗಿ, ಔಷಧ ಶುರುವಾಗಿ, ಊರಿಗೆ ಮರಳುವುದು ಖಾತ್ರಿಯಾಗಿತ್ತು. ಅವ್ವ ಹೋಗಿ ಅವರಿಗೆ ಹೇಳಿದ್ದಳು; ಅಂದಿನಿಂದ ದಿನವೂ ಅವರ ವಿಡಿಯೊ ಕರೆ.

"ತೂಕ ಎಷ್ಟದ? ಗುಳಿಗಿ ಕ್ಯಾಮೆರಾಕ್ಕ ಹಿಡಿ. ನುಂಗು. ಹಾಂ, ಬಾಯಿ ತೆಗಿ!"

ನಾಲಿಗೆ ಎತ್ತಿ ತೋರಿಸುವತನಕ ಬಿಡುತ್ತಿರಲಿಲ್ಲ. ನಾನು ನುಂಗುವಾಗ ಅವರ ಗಂಟಲೂ ಗುಟುಕ್ ಎನ್ನುತ್ತಿತ್ತು.

ಮಸ್ಕತ್‌ನಲ್ಲಿ ಕೊಟ್ಟ ಗುಳಿಗೆಗಳು ವಿಮಾನ ಹತ್ತುವ ಹೊತ್ತಿಗೇ ಮುಗಿದಿದ್ದವು. ಸೊಲ್ಲಾಪುರದಲ್ಲಿ ರೈಲಿಳಿದೊಡನೆ ಸಿಸ್ಟರಿಗೆ ತಿಳಿಸಿ ಬಸ್ ಹತ್ತಿದೆ. ಅಕ್ಕಲಕೋಟದ ಹತ್ತಿರದ ನಮ್ಮೂರು ಮೈಂದರ್ಗಿಯ ಮನೆ ಮುಟ್ಟಿದಾಗ ಅವ್ವ ತಂಬಿಗೆ ನೀರು, ರೊಟ್ಟಿಯ ತುಣುಕು ಹಿಡಿದು, ದೃಷ್ಟಿ ತೆಗೆಯಲು ಹೊಸ್ತಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಓಣಿಯ ತುಂಬ ಸ್ಕೂಟಿಯ ಹಾರ್ನ್! ಸಿಸ್ಟರ್ ಗಾಡಿಯನ್ನು ಗೋಡೆಗೆ ಆನಿಸಿ ಓಡಿಬಂದರು.

"ತಡೀರಿ ಅವ್ವಾರ! ದೃಷ್ಟಿ ಆಮ್ಯಾಲ ತೆಗೀರಿ. ಇವತ್ತಿನ ಗುಳಿಗಿ ಇನ್ನೂ ಆಗಿಲ್ಲ!"

ತಾವು ತಂದ ಗುಳಿಗೆಯನ್ನೂ ಅವ್ವನಿಂದ ಕಸಿದ ತಂಬಿಗೆಯನ್ನೂ ನನ್ನ ಕೈಗೆ ಕೊಟ್ಟರು. ನಿವಾಳಿಸಿ ಚೆಲ್ಲಬೇಕಿದ್ದ ನೀರಿನಲ್ಲೇ ಗುಳಿಗೆ ನುಂಗಿದೆ. ಅವರು ಹೇಳುವ ಮೊದಲೇ ಬಾಯಿ ತೆಗೆದೆ.

"ಶಾಬ್ಬಾಸ್! ದೇಶ ಬದಲಾತು, ಗುಳಿಗಿ ತಪ್ಪಲಿಲ್ಲ ನೋಡ್ರಿ!" ಎಂದು ಚಪ್ಪಾಳೆ ತಟ್ಟಿ, ಸಣ್ಣ ಹುಡುಗಿಯಂತೆ ನಿಂತಲ್ಲೇ ಜಿಗಿದರು.

ತಂಬಿಗೆಯ ತಳದಲ್ಲಿ ಒಂದಿಷ್ಟು ನೀರು ಉಳಿದಿತ್ತು. ಅವ್ವ ಆ ನೀರನ್ನೂ ರೊಟ್ಟಿಯ ತುಣುಕನ್ನೂ ಮೊದಲು ಅವರಿಗೇ ನಿವಾಳಿಸಿದಳು. "ಅಯ್ಯ, ನನಗ್ಯಾಕ?" ಎಂದು ಸಿಸ್ಟರ್ ಹಿಂದೆ ಸರಿಯುತ್ತಿದ್ದಂತೆ, ಅವ್ವ ನನಗೆಂದು ತಂದಿಟ್ಟಿದ್ದ ಪೇಢೆಯೊಂದನ್ನು ಅವರ ಬಾಯಿಯ ಹತ್ತಿರ ಎತ್ತಿ ಹಿಡಿದಳು.

"ಈಗ ನೀವು ಬಾಯಿ ತೆಗೀರಿ, ಸಿಸ್ಟರ್."