ಮೊಸರು ಹಾಕಿ ಉಬ್ಬಿಸಿದ ಡಬಲ್ ರೊಟ್ಟಿ

ನಾದುವವನ ಮೇಲೆ ಗೋಧಿಹಿಟ್ಟಿಗೆ ಯಾವ ಗೌರವವೂ ಇರುವುದಿಲ್ಲವೆಂಬುದು, ನೀವೂ ಒಮ್ಮೆ ಅದರೊಳಗೆ ಕೈಯಿಟ್ಟವರಾದರೆ, ನಿಮಗೆ ಗೊತ್ತಿದ್ದೀತು. ಬೀದರಿನ ಸರ್ಕಾರಿ ಸಾಲೆಯಲ್ಲಿ ಉರ್ದು ಕಲಿಸುತ್ತಿದ್ದ ನಾನು ಕಣ್ಣು ಹೊರಳಿಸಿದರೆ ಇಡೀ ತರಗತಿ ನಿಶ್ಶಬ್ದವಾಗುತ್ತಿತ್ತು. ಮನೆಯ ಪರಾತದಲ್ಲಿದ್ದ ಹಿಟ್ಟು ಮಾತ್ರ ಮೊಣಕೈವರೆಗೆ ಹತ್ತಿ, ಮೀಸೆಗೂ ಮೆತ್ತಿಕೊಂಡು, ನನ್ನ ಉಪಾಧ್ಯಾಯ ಪದವಿಯನ್ನು ಕಿಂಚಿತ್ತೂ ಲಕ್ಷಿಸುತ್ತಿರಲಿಲ್ಲ.

ಒಲೆಯ ಹತ್ತಿರ ಎಂದೂ ಸುಳಿಯದಿದ್ದ ನಾನು ಈ ಉದ್ಯೋಗಕ್ಕೆ ಇಳಿದದ್ದು ಹೆಂಡತಿ ನೀಲಮ್ಮನ ಸಲುವಾಗಿ. ಕ್ಷಯ ಆಕೆಯನ್ನು ಹಾಸಿಗೆ ಹಿಡಿಸಿತ್ತು. ಜೋಳದ ರೊಟ್ಟಿಯ ಒಂದು ತುತ್ತಿಗೇ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ತುಂಬುತ್ತಿತ್ತು. ಹಕೀಮರು, ಡಬಲ್ ರೊಟ್ಟಿಯನ್ನು, ಅಂದರೆ ಬ್ರೆಡ್ಡನ್ನು, ಹಾಲಿನಲ್ಲಿ ನೆನೆಸಿ ಕೊಡಿ ಎಂದರು. ಪೇಟೆಯಲ್ಲಿ ಅದು ಸಿಗುತ್ತಿತ್ತು, ನಿಜ. ಆದರೆ ಅದರ ಹಿಟ್ಟು ಉಬ್ಬಲು ಸೇಂದಿ ಬೆರೆಸುತ್ತಾರೆಂದು ಎಲ್ಲೋ ಕೇಳಿದ್ದ ನನ್ನ ಅವ್ವ, ಕೊರಳಿನ ಲಿಂಗವನ್ನು ಹಿಡಿದುಕೊಂಡು, "ಹೆಂಡ ಹಾಕಿದ್ದು ಈ ಮನಿ ಹೊಸ್ತಲ ದಾಟಬಾರದು ನೋಡು" ಎಂದುಬಿಟ್ಟಳು. ತಾನೇ ನಾದಿಕೊಡೋಣವೆಂದರೆ ವಾತದಿಂದ ಅವಳ ಬೆರಳುಗಳು ಮಡಚುತ್ತಿರಲಿಲ್ಲ.

ದಾರಿ ತೋರಿಸಿದವಳು ನೀಲಮ್ಮನೇ. "ಅಂಬಲಿ ಹುಳಿ ಬರಂಗಿಲ್ಲೇನ್ರಿ? ಹಂಗೇ ಹಿಟ್ಟಿಗಿ ಹುಳಿ ಮೊಸರ ಹಾಕಿ ಬೆಚ್ಚಗ ಮುಚ್ಚಿಡ್ರಿ. ನನಗ ಏಳ್ಲಿಕ್ಕಾಗಿದ್ರ ನಾನೇ ಮಾಡ್ತಿದ್ದೆ."

ಹಿಟ್ಟನ್ನು ಸಣ್ಣ ಉಂಡೆಗಳಾಗಿ ಗಡಿಗೆಯೊಳಗಿಟ್ಟು, ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸಿದೆ. ಹೊರಬಂದದ್ದನ್ನು ಅವ್ವ ಬೆರಳಿನಿಂದ ತಟ್ಟಿ ನೋಡಿ, "ಬೀದರ ಕ್ವಾಟಿ ಗ್ವಾಡಿ ಕಲ್ಲು ಬಿದ್ದಾವಂತ, ಇವನ್ನ ಒಯ್ದು ಕೊಡಪಾ" ಎಂದಳು. ನೀಲಮ್ಮನಿಗೆ ನಗು ತಡೆಯಲಾಗಲಿಲ್ಲ. ನಗು ಕೆಮ್ಮಾಯಿತು, ಬಾಯಿಗೆ ಹಿಡಿದ ಸೆರಗಿನಲ್ಲಿ ರಕ್ತ ಕಂಡಿತು. ಅಲ್ಲಿಂದಾಚೆಗೆ ಅವ್ವ ಆಕೆಯೆದುರು ಹಾಸ್ಯ ಮಾಡುವುದನ್ನೇ ಬಿಟ್ಟಳು.

ಹಲವು ಗಡಿಗೆಗಳನ್ನು ಹೊತ್ತಿಸಿ ಕೆಡಿಸಿದ ಮೇಲೆ ಒಂದು ಮುಂಜಾನೆ ಹಿಟ್ಟು ಉಬ್ಬಿತು. ಅದರೊಂದಿಗೆ, ಮುಚ್ಚಿಡುವುದೇಕೆ, ನಾನೂ ಉಬ್ಬಿದೆ. ನೀಲಮ್ಮ ಒಂದು ಇಡೀ ರೊಟ್ಟಿ ತಿಂದು, ಕೆಮ್ಮದೆ ನಿದ್ದೆ ಹೋದಳು. ಇನ್ನು ಈಕೆ ಬದುಕಿದಳೆಂದು ನಾನು ಮನಸಾರೆ ನಂಬಿದೆ. ರೊಟ್ಟಿ ಮೆತ್ತಗಾದರೆ ಪ್ರಾಣ ಗಟ್ಟಿಯಾದೀತೆಂಬ ತರ್ಕವನ್ನು ನನ್ನ ವಿದ್ಯಾರ್ಥಿ ಯಾರಾದರೂ ಮಂಡಿಸಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಚಳಿ ಬಿದ್ದಾಗ ಆಕೆಗೆ ತನ್ನ ತಾಯಿಯ ಹಂಬಲ ಹತ್ತಿತು. ಬಂಡಿಯಲ್ಲಿ ಹುಲ್ಲು ಹಾಸಿ, ಭಾಲ್ಕಿಯಲ್ಲಿ ಒಂದು ರಾತ್ರಿ ತಂಗಿ, ಠಾಣಾ ಕುಶನೂರಿನ ತವರಿಗೆ ಕರೆದೊಯ್ದೆ. ಆಮೇಲೆ ಸಾಲೆಗೆ ರಜೆ ಬಂದಾಗಲೆಲ್ಲ ರೊಟ್ಟಿ ಕಟ್ಟಿಕೊಂಡು ಆ ದಾರಿ ಹಿಡಿಯುತ್ತಿದ್ದೆ.

ಕಡೆಯ ಸಲ ಹೋದಾಗ ಆಕೆ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು. "ಭಾಳ ಮೆತ್ತಗಾಗ್ಯಾವ್ರಿ" ಎಂದಳು. ಅದನ್ನು ನನ್ನ ಕೈಗೆ ಮರಳಿಸಿ, "ನನಗ ಬ್ಯಾಡಾಗ್ಯಾದ. ಸಿಟ್ಟಾಗಬ್ಯಾಡ್ರಿ" ಎಂದಳು. ಇಲ್ಲವೆಂದು ತಲೆಯಾಡಿಸಿ, ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಮರುದಿನ ಬೆಳಗಾಗುವಷ್ಟರಲ್ಲಿ ತೀರಿಕೊಂಡಳು.

ಹೊಲದಲ್ಲಿ ಮಣ್ಣು ಮಾಡಿ ಬಂದೆವು. ಒಲೆ ಹೊತ್ತಿಸದ ಆ ಮನೆಗೆ ನೆರೆಯವರು ಬುತ್ತಿ ತಂದುಕೊಟ್ಟರು. ನನ್ನ ಅತ್ತೆ ಯಾವುದನ್ನೂ ಮುಟ್ಟದೆ ಕಂಬಕ್ಕೆ ಆತುಕೊಂಡು ಕುಳಿತೇ ಇದ್ದರು. ಸಮಾಧಾನದ ಮಾತುಗಳು, ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ, ನನಗೊಂದೂ ನೆನಪಾಗಲಿಲ್ಲ. ನಾನು ಕಲಿತ ಆರೈಕೆಯೆಂದರೆ ಒಂದೇ: ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿ, ನೆನೆಯಲು ಬಿಟ್ಟು, ಬಟ್ಟಲನ್ನು ಅವರ ಮುಂದಿಟ್ಟೆ.

ಅತ್ತೆ ಬಟ್ಟಲಿನೊಳಗೆ ನೋಡಿದರು. ಕೊನೆಗೆ ಒಂದು ತುತ್ತು ಬಾಯಿಗಿಟ್ಟುಕೊಂಡರು.

"ಉಪ್ಪು ಕಮ್ಮಿ ಆಗ್ಯಾದ್ರಿ, ಮಾಸ್ತರ."

"ಮುಂದಿನ ಸಲ ಸರಿ ಮಾಡ್ತೇನ್ರಿ" ಎಂದೆ.

ಇನ್ನು ಯಾರ ಸಲುವಾಗಿ ಎಂದು ಅವರು ಕೇಳಲಿಲ್ಲ. ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು.