ಕಾಲುವೆ ಏರಿಯ ಮೇಲೆ ಗಾಡಿ ನಿಂತರೆ

"ಹನುಮಾ, ಖರೇ ಹೇಳು. ಡೀಸೆಲ್ ಯಾರಿಗೆ ಮಾರಾಕತ್ತಿ?"

ಕಳೆದ ಭಾನುವಾರ ನಸುಕಿನಲ್ಲೇ ಗೋಗಿಯಲ್ಲಿರುವ ಅಣ್ಣನ ಮನೆಗೆ ಹೋದರೆ ಅಂಗಳದಲ್ಲೇ ಕಿವಿಗೆ ಬಿದ್ದದ್ದು ಈ ಮಾತು. (ಚಹಾ ಆಮೇಲೆ ಬಂತು. ಅದೂ ತಣ್ಣಗಾಗಿ.) ಕೇಳಿದವನು ನನ್ನಣ್ಣ ಶರಣಪ್ಪ. ತಲೆ ತಗ್ಗಿಸಿ ನಿಂತವನು ಅವನ ಜೀಪು ಓಡಿಸುವ ಹನುಮಂತ.

ಹತ್ತಿ ಬಿಡಿಸುವ ಸೀಸನ್ ನೋಡಿ. ಅಣ್ಣನ ಜೀಪು ದಿನಾ ಊರಿನ ಹೆಣ್ಣುಮಕ್ಕಳನ್ನು ಕಕ್ಕೇರಾ ಕಡೆಯ ಹೊಲಗಳಿಗೆ ಕೂಲಿಗೆ ಒಯ್ಯುತ್ತದೆ. ಈ ವರ್ಷ ಅಣ್ಣ ಅದಕ್ಕೆ ಜಿಪಿಎಸ್ ಹಾಕಿಸಿದ್ದಾನೆ. ಒಳ್ಳೆಯ ಸಾಮಾನೇ, ಸುಳ್ಳು ಹೇಳಬಾರದು. ಮೊನ್ನೆ ನಾರಾಯಣಪುರ ರಸ್ತೆಯಲ್ಲಿ ಜೀಪು ಕೆಟ್ಟು ನಿಂತಾಗ, ಅಣ್ಣ ಫೋನಿನಲ್ಲೇ ಜಾಗ ನೋಡಿ, ಯಾರನ್ನೂ ದಾರಿ ಕೇಳದೆ ಬೇರೆ ಗಾಡಿ ಒಯ್ದು ಎಲ್ಲರನ್ನೂ ಕತ್ತಲಾಗುವುದರೊಳಗೆ ಮನೆ ಸೇರಿಸಿದ. ಶಭಾಷ್ ಅನ್ನಬೇಕಾದ್ದೇ.

ಆದರೆ ಅದೇ ಸಾಮಾನು ಇನ್ನೊಂದನ್ನೂ ತೋರಿಸಿತು. ಜೀಪು ದಿನಾ ಬೆಳಿಗ್ಗೆ ಕಾಲುವೆ ಏರಿಯ ಮೇಲೆ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಅಲ್ಲಿ ಹೋಟೆಲಿಲ್ಲ, ಊರಿಲ್ಲ. ಕಾಲುವೆಯಿಂದ ನೀರೆತ್ತುವ ಡೀಸೆಲ್ ಇಂಜಿನ್‌ಗಳಿವೆ! ಅಣ್ಣನ ತಲೆ ಓಡದೆ ಇರುತ್ತದೆಯೇ?

"ಯಾಕ ನಿಂದರಸ್ತಿ ಹೇಳು. ಇಲ್ಲಂದ್ರ ಚಾವಿ ಇಟ್ಟು ನಡಿ."

ಹನುಮಂತನ ಮನೆ ನಡೆಯುವುದೇ ಈ ಕೆಲಸದಿಂದ, ಮೇಲೆ ಕಳ್ಳನೆಂಬ ಹೆಸರು ಬೇರೆ. ಆದರೂ ಸುಮ್ಮನೆ ಜೇಬಿನಿಂದ ಚಾವಿ ತೆಗೆದು ಕಟ್ಟೆಯ ಮೇಲಿಟ್ಟ. ನನಗೆ ಸಿಟ್ಟೇ ಬಂತು. ಒಂದು ಮಾತು ಹೇಳಿದರೆ ಇವನ ಗಂಟೇನು ಹೋಗುತ್ತದೆ?

ಜೀಪು ಹತ್ತಲು ಬುತ್ತಿ ಹಿಡಿದು ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯಳಾದ ರಾಚಮ್ಮ ಮುಂದೆ ಬಂದಳು.

"ಅವಂಗ್ಯಾಕ ಬೈತೀರಿ ಅಣ್ಣಾರ? ನಿಂದರಸು ಅಂದವರು ನಾವು. ನಸುಕಿನ್ಯಾಗ ಮನಿ ಬಿಡ್ತೀವಿ. ಹೊಲದಾಗ ಸುತ್ತ ಗಂಡಸರು ಇರ್ತಾರ. ಹೆಣ್ಣಮಕ್ಕಳು ಎಲ್ಲಿ ಹೋಗ್ಬೇಕ್ರಿ? ಅಲ್ಲೊಂದೀಟು ಜಾಲಿ ಗಿಡದ ಮರೆ ಅದ."

ಅಣ್ಣನ ಕೈಯಲ್ಲಿ ಫೋನು, ಫೋನಿನಲ್ಲಿ ಆ ಜಾಗದ ಮೇಲೊಂದು ಕೆಂಪು ಚುಕ್ಕಿ. ಅದೇ ಚುಕ್ಕಿ ಅವನ ಮಗನ ಫೋನಿನಲ್ಲಿದೆ, ಅಳಿಯನ ಫೋನಿನಲ್ಲಿದೆ. ಆ ಜಿಪಿಎಸ್ ಕಂಪನಿಯಲ್ಲಿ ಕೂತು ಇನ್ನೂ ಯಾರ್ಯಾರು ನೋಡುತ್ತಾರೋ, ಅಣ್ಣನಿಗೇ ಗೊತ್ತಿಲ್ಲ. ನಮ್ಮ ಸ್ಕೂಲ್ ಬಸ್ಸು, ನಾವು ಹತ್ತುವ ಟ್ಯಾಕ್ಸಿ ಎಲ್ಲಿ ನಿಂತವೆಂದು ಯಾರು ನೋಡುತ್ತಾರೆ, ನಾವಾದರೂ ಎಂದಾದರೂ ಕೇಳಿದ್ದೇವೆಯೇ?

"ಇದನ್ನ ನೀ ಯಾಕ ಹೇಳಲಿಲ್ಲೋ?" ಅಣ್ಣನ ದನಿ ಇಳಿದಿತ್ತು.

"ಅವರ ಮಾತು ನಾ ಹ್ಯಾಂಗ ಹೇಳ್ಲಿರಿ?" ಎಂದ ಹನುಮಂತ.

ನೌಕರಿ ಹೋದರೂ ಚಿಂತೆಯಿಲ್ಲ, ಹೆಣ್ಣುಮಕ್ಕಳ ಮರ್ಯಾದೆ ಬಾಯಿಗೆ ತರಲಾರೆ ಎಂದವನಿಗೆ ಏನನ್ನೋಣ? ನನಗಂತೂ ಎದ್ದು ಕೈ ಮುಗಿಯಬೇಕೆನಿಸಿತು. ಅಣ್ಣನೂ ಕೆಟ್ಟವನಲ್ಲ. ಎಲ್ಲರೆದುರೇ "ತಪ್ಪಾತವ್ವಾ" ಎಂದ, ಚಾವಿಯನ್ನು ತಾನೇ ಎತ್ತಿ ಹನುಮಂತನ ಕೈಗಿಟ್ಟ. ಮಗನ, ಅಳಿಯನ ಫೋನಿನಿಂದ ಆ ಆ್ಯಪ್ ಇವತ್ತೇ ತೆಗೆಸುತ್ತೇನೆ ಎಂದ. ತನ್ನದು ಮಾತ್ರ ಇರಲಿ, ಗಾಡಿ ಕೆಟ್ಟರೆ ಬೇಕಲ್ಲ?

ರಾಚಮ್ಮ ಜೀಪು ಹತ್ತುತ್ತಾ ಇನ್ನೊಂದು ಮಾತು ಹೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಗಾಡಿ ನಿಂದರಿಸಿ ಈ ಹುಡುಗ ಏರಿ ಇಳದು ಆಚಿ ಕಡಿ ಹೋಗಿ ನಿಂದರತಾನ್ರಿ. ನಾವು ಕರಿಯೋ ತನಕ ಹೊಳ್ಳಿ ಸೈತ ನೋಡಂಗಿಲ್ಲ."

ಆ ಜಿಪಿಎಸ್ ಡಬ್ಬಿಗೆ ಅಷ್ಟು ಮರ್ಯಾದೆ ಕಲಿಸುವವರು ಯಾರು?